ಹೊಟ್ಟೆ ಬಾಯಿ ಕಟ್ಟಿ ದುಡಿದವರಿಗೆ



ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರ ಬಗ್ಗೆ ನಮ್ಮ ಮನೆಗಳಲ್ಲಿ ಒಂದು ಮಾತು ಸದಾ ಕೇಳಿಬರುತ್ತದೆ. "ಪಾಪ, ಹೊಟ್ಟೆ ಬಾಯಿ ಕಟ್ಟಿ ದುಡ್ಡು ಕಳಿಸುತ್ತಾನೆ." ಇಂದು ನಾನು ಬರೆಯುತ್ತಿರುವುದು ಬಾಯಿಯನ್ನು ನಿಜವಾಗಿಯೇ ಕಟ್ಟಿಸಿಕೊಂಡು ಊರಿಗೆ ಮರಳಿದವರಿಗೆ. ಕುವೈತಿನಲ್ಲೋ ದುಬೈಯಲ್ಲೋ ಮಸ್ಕತ್ತಿನಲ್ಲೋ ವಾಹನ ಅಪಘಾತವಾಗಿ, ಕೆಲಸದ ಜಾಗದಲ್ಲಿ ಎತ್ತರದಿಂದ ಬಿದ್ದು, ಇಲ್ಲವೇ ದವಡೆಯೊಳಗೆ ಗಡ್ಡೆ ಬೆಳೆದು, ಅಲ್ಲಿಯ ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಈಗ ಮನೆಯ ಚಾವಡಿಯಲ್ಲಿ ಕುಳಿತು ಈ ಪುಟ ಓದುತ್ತಿರುವ ನಿಮಗೆ. ನಿಮಗಾಗಿ ಗಂಜಿ ಸೋಸುತ್ತಿರುವ ಮನೆಯವರಿಗೂ ಸೇರಿಸಿ. ಇಂಥವರು ಒಂದು ಧರ್ಮಕೇಂದ್ರದಲ್ಲಿ ಒಬ್ಬರೋ ಇಬ್ಬರೋ ಇರಬಹುದು. ಆದರೆ ಆ ಒಬ್ಬರು ಭಾನುವಾರದ ಬಲಿಪೂಜೆಗೆ ಬರಲು ನಾಚುತ್ತಾರೆ, ಬಂದರೂ ಹಿಂದಿನ ಕಂಬದ ಮರೆಯಲ್ಲಿ ನಿಲ್ಲುತ್ತಾರೆ, ಪರಮಪ್ರಸಾದದ ಹೊತ್ತಿಗೆ ತಲೆ ತಗ್ಗಿಸಿ ಹೊರಟುಬಿಡುತ್ತಾರೆ. ಅವರಿಗೆ ತಿಳಿಯಬೇಕಾದ ಕೆಲವು ಸಂಗತಿಗಳಿವೆ. ಅವರ ಅಕ್ಕಪಕ್ಕದವರಿಗೂ ತಿಳಿದರೆ ಒಳ್ಳೆಯದು.

ಮೊದಲು, ಆದದ್ದೇನು ಎಂಬುದನ್ನು ಸರಳವಾಗಿ ನೋಡೋಣ. ನಮ್ಮ ತಲೆಬುರುಡೆಯಲ್ಲಿ ಆಡುವ ದೊಡ್ಡ ಮೂಳೆ ಕೆಳದವಡೆ ಒಂದೇ. ಉಣ್ಣುವುದಕ್ಕೂ ಮಾತನಾಡುವುದಕ್ಕೂ ಆಕಳಿಸುವುದಕ್ಕೂ ಮುದ್ದಿಸುವುದಕ್ಕೂ ಅದೇ ಬೇಕು. ಅದು ಮುರಿದಾಗ ವೈದ್ಯರು ತುಂಡುಗಳನ್ನು ಜೋಡಿಸಿ, ಟೈಟೇನಿಯಂ ಲೋಹದ ಪುಟ್ಟ ಪಟ್ಟಿಗಳನ್ನಿಟ್ಟು ಸ್ಕ್ರೂ ಹಾಕಿ ಭದ್ರಪಡಿಸುತ್ತಾರೆ. 1970ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಮ್ಯಾಕ್ಸಿಮ್ ಶಾಂಪಿ ಎಂಬ ವೈದ್ಯರು ಈ ಪುಟ್ಟ ಪಟ್ಟಿಗಳ ವಿಧಾನವನ್ನು ರೂಢಿಗೆ ತಂದ ಮೇಲೆ ಎಷ್ಟೋ ರೋಗಿಗಳ ಬಾಯಿ ಕಟ್ಟುವ ಅಗತ್ಯವೇ ಇಲ್ಲವಾಗಿದೆ. ಆದರೂ ಕೆಲವರಿಗೆ ಮೂಳೆ ಅಲುಗದಿರಲೆಂದು ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿಯಿಂದಲೋ ರಬ್ಬರಿನಿಂದಲೋ ನಾಲ್ಕರಿಂದ ಆರು ವಾರ ಬಿಗಿಯುತ್ತಾರೆ. ಮುಖ ಊದಿಕೊಳ್ಳುತ್ತದೆ. ಊತ ಎರಡು ಮೂರನೆಯ ದಿನಕ್ಕೆ ಅತಿಯಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಕೆಳತುಟಿ, ಗಲ್ಲ ಜೋಮು ಹಿಡಿದಂತಿರುತ್ತವೆ, ಏಕೆಂದರೆ ಅವುಗಳಿಗೆ ಸ್ಪರ್ಶ ಕೊಡುವ ನರ ದವಡೆಯ ಮೂಳೆಯೊಳಗೇ ಹಾದುಹೋಗುತ್ತದೆ. ಆ ಜೋಮು ಬಿಡಲು ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳು ಬೇಕು, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ.

ಇಷ್ಟನ್ನು ವೈದ್ಯರು ನಿಮಗೆ ಹೇಳಿರುತ್ತಾರೆ. ಅವರು ಹೇಳದ ಒಂದು ನೋವಿದೆ. ಹತ್ತು ವರ್ಷ ಮನೆಗೆ ಅನ್ನ ಹಾಕಿದ ಕೈ ನಿಮ್ಮದು. ತಂಗಿಯ ಮದುವೆ, ತಮ್ಮನ ಓದು, ಹಂಚಿನ ಮನೆಗೆ ತಾರಸಿ, ಅಪ್ಪನ ಔಷಧಿ, ಎಲ್ಲವೂ ನಿಮ್ಮ ದುಡಿಮೆಯಿಂದಲೇ. ರಜೆಯಲ್ಲಿ ಬಂದಾಗ ಪೆಟ್ಟಿಗೆ ತೆರೆಯುವ ಸಂಭ್ರಮಕ್ಕೆ ನೆರೆಮನೆಯ ಮಕ್ಕಳೂ ಓಡಿಬರುತ್ತಿದ್ದರು. ಈ ಸಲ ನೀವು ಬರಿಗೈಯಲ್ಲಿ ಬಂದಿದ್ದೀರಿ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಈಗ ನಿಮ್ಮ ತಾಯಿ ಸಿರಿಂಜಿನಲ್ಲಿ ಗಂಜಿ ತಿಳಿ ಎಳೆದು ನಿಮ್ಮ ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಡುತ್ತಿದ್ದಾರೆ. ಹೆಂಡತಿ ಕೊರಳಿಗೆ ಟವೆಲು ಕಟ್ಟುತ್ತಾಳೆ. ಮೂರು ವರ್ಷದ ಮಗಳು ಬಾಗಿಲ ಬಳಿ ನಿಂತು ನೋಡುತ್ತದೆ. ಉಣಿಸಿದವನು ಉಣಿಸಿಕೊಳ್ಳಬೇಕಾಗಿ ಬಂದಿದೆ. ದವಡೆಯ ನೋವಿಗೆ ಮಾತ್ರೆ ಇದೆ. ಈ ನೋವಿಗೆ ಶುಭಸಂದೇಶವನ್ನೇ ತೆರೆಯಬೇಕು.

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದ ಕೊನೆಯನ್ನು ತೆಗೆದು ಓದಿ. ಯೇಸುಸ್ವಾಮಿ ಟೈರ್, ಸಿದೋನ್ ಸೀಮೆಗಳನ್ನು ದಾಟಿ ದೆಕಪೊಲಿ ಪ್ರದೇಶಕ್ಕೆ ಬಂದಿದ್ದಾರೆ. ಅದು ಯೆಹೂದ್ಯರ ನಾಡಲ್ಲ. ಅಲ್ಲಿಯ ಪಟ್ಟಣಗಳು ಬೇರೆ, ಭಾಷೆ ಬೇರೆ, ದೇವರುಗಳೂ ಬೇರೆ. ನಮ್ಮ ಪ್ರಭುವೂ ಪರದೇಶದ ದಾರಿ ತುಳಿದವರೇ ಎಂಬುದನ್ನು ಕೊಲ್ಲಿಗೆ ಹೋದವರು ಮರೆಯಬಾರದು. ಅಲ್ಲಿ ಕಿವಿ ಕೇಳದ, ಮಾತು ತೊದಲುವ ಒಬ್ಬನನ್ನು ಕೆಲವರು ಪ್ರಭುವಿನ ಬಳಿಗೆ ಕರೆತಂದರು. ಗಮನಿಸಿ, ಅವನು ತಾನಾಗಿ ಏನನ್ನೂ ಕೇಳಲಿಲ್ಲ. ಕೇಳಲು ಅವನಿಗೆ ಬಾಯಿ ಇರಲಿಲ್ಲ. ಅವನ ಪರವಾಗಿ ಬೇಡಿಕೊಂಡವರು ಯಾರು, ಅಣ್ಣತಮ್ಮಂದಿರೋ ಕೆಲಸದ ಜೊತೆಗಾರರೋ, ಮಾರ್ಕನು ಹೇಳುವುದಿಲ್ಲ.

ಯೇಸುಸ್ವಾಮಿ ಅವನನ್ನು ಜನಜಂಗುಳಿಯಿಂದ ಆಚೆಗೆ ಕರೆದೊಯ್ದರು. ಎಂಥ ಸೂಕ್ಷ್ಮ ನೋಡಿ! ಬಾಯಿಯ ರೋಗ ಎಲ್ಲರ ಮುಂದೆ ತೋರಿಸುವಂಥದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಅವನ ಕಿವಿಯಲ್ಲಿ ಬೆರಳಿಟ್ಟರು, ನಾಲಿಗೆಯನ್ನು ಮುಟ್ಟಿದರು. ಆಕಾಶದತ್ತ ಕಣ್ಣೆತ್ತಿ ನಿಟ್ಟುಸಿರು ಬಿಟ್ಟರು. ಆಮೇಲೆಯೇ ಆ ಮಾತು: ಎಫ್ಫಥಾ. ನಿಮ್ಮ ಸ್ನಾನದೀಕ್ಷೆಯ ದಿನ ಗುರುಗಳು ನಿಮ್ಮ ಕಿವಿ ಬಾಯಿ ಮುಟ್ಟಿ ಪ್ರಾರ್ಥಿಸಿದ್ದರೆ, ಅದು ಆ ಘಟನೆಯ ನೆನಪಿಗೇ. ನನಗೆ ಆ ಮಾತಿಗಿಂತ ಆ ನಿಟ್ಟುಸಿರಿನ ಮೇಲೆ ಮನಸ್ಸು ನಿಲ್ಲುತ್ತದೆ. ದೇವಪುತ್ರರು ಮಾತಿಲ್ಲದವನ ಮುಂದೆ ಮೊದಲು ಮಾತಿಲ್ಲದ ಪ್ರಾರ್ಥನೆ ಮಾಡಿದರು. ನೀವು ರಾತ್ರಿ ಮಲಗಲಾಗದೆ, ಮೂರು ದಿಂಬು ಒರಗಿಸಿಕೊಂಡು ಕುಳಿತು, ಮೂಗಿನಿಂದ ಉಸಿರೆಳೆದು ಬಿಡುತ್ತೀರಲ್ಲ, ಅದನ್ನೇ ಪ್ರಾರ್ಥನೆಯಾಗಿ ಒಪ್ಪಿಸಿ. ಪರಲೋಕ ಮಂತ್ರದ ಶಬ್ದಗಳು ತುಟಿಗೆ ಬರದಿದ್ದರೆ ಜಪಸರದ ಮಣಿಗಳನ್ನು ಬೆರಳಲ್ಲಿ ಸರಿಸಿ ಸಾಕು. ಮನೆಯವರು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಹೇಳಲಿ.

ಈಗ ಮನೆಗೆ ಬರುವವರ ಮಾತು. ನಮ್ಮಲ್ಲಿ ರೋಗಿಯನ್ನು ನೋಡಲು ಬರುವುದು ಒಳ್ಳೆಯ ಸಂಪ್ರದಾಯ. ಆದರೆ ಬಂದವರು ಆಡುವ ಮಾತುಗಳನ್ನು ಕೇಳಿದರೆ ಕೆಲವೊಮ್ಮೆ ಅವರ ಬಾಯಿಗೇ ತಂತಿ ಕಟ್ಟಬೇಕು ಎನ್ನಿಸುತ್ತದೆ. "ಅಲ್ಲಿ ಏನು ಮಾಡಿಕೊಂಡನೋ ಯಾರಿಗೆ ಗೊತ್ತು" ಎಂದು ಅಂಗಳದಲ್ಲೇ ಪಿಸುಗುಟ್ಟುವವರಿದ್ದಾರೆ. ಹುಟ್ಟು ಕುರುಡನನ್ನು ಕಂಡು ಶಿಷ್ಯರು ಇದೇ ಪ್ರಶ್ನೆ ಎತ್ತಿದ್ದರು: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಯೇಸುಸ್ವಾಮಿ ಎರಡನ್ನೂ ಅಲ್ಲಗಳೆದರು. ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಭುವೇ ತೀರ್ಮಾನ ಮಾಡಿದ ವ್ಯಾಜ್ಯವನ್ನು ನಾವು ಇನ್ನೂ ನಮ್ಮ ಅಂಗಳಗಳಲ್ಲಿ ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದೇವೆ.

ಇನ್ನು ಕೆಲವರು ಒಳ್ಳೆಯವರೇ, ಆದರೆ ಬಾಯಿ ಕಟ್ಟಿದವನ ಎದುರು ಕಿರಿಚಿ ಮಾತನಾಡುತ್ತಾರೆ, ಇಲ್ಲವೇ ಕೈಸನ್ನೆ ಮಾಡುತ್ತಾರೆ. ಅವನ ಕಿವಿ ಚೆನ್ನಾಗಿಯೇ ಇದೆ! ನಗಬೇಡಿ, ಇದು ಶುಭಸಂದೇಶದಲ್ಲೂ ಆಗಿದೆ. ಯಾಜಕ ಜಕರೀಯನ ಮಾತು ನಿಂತುಹೋಗಿತ್ತು. ಮಗು ಹುಟ್ಟಿ ಎಂಟನೆಯ ದಿನ ನಾಮಕರಣಕ್ಕೆ ಸೇರಿದ ಬಂಧುಬಳಗ ಅವನಿಗೆ ಸನ್ನೆ ಮಾಡಿಯೇ ಹೆಸರೇನೆಂದು ಕೇಳಿತು ಎಂದು ಲೂಕನು ಬರೆಯುತ್ತಾನೆ. ಜಕರೀಯ ಬರೆಯುವ ಹಲಗೆ ತರಿಸಿ ಹೆಸರು ಬರೆದು ತೋರಿಸಿದ. ಮನೆಯ ಯಜಮಾನನ ಮಾತು ಹೋದರೂ ತೀರ್ಮಾನ ಅವನದೇ ಆಗಿತ್ತು. ನೀವೂ ಬರೆಯಿರಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ, ಮೊಬೈಲಾದರೂ ಸರಿ. ಮನೆಯವರೇ, ನೀವು ಅವನು ಬರೆದು ಮುಗಿಸುವ ತನಕ ಕಾಯಿರಿ. ಅರ್ಧ ಬರೆದಾಗಲೇ ಊಹಿಸಿ ಉತ್ತರ ಹೇಳಿಬಿಡುವುದು ಬಾಯಿ ಕಟ್ಟಿದವನಿಗೆ ಎರಡನೆಯ ಕಟ್ಟು.

ಅಡಿಗೆಮನೆಯ ವಿಷಯವನ್ನು ಧರ್ಮಪುಟದಲ್ಲಿ ಬರೆಯುವುದೇ ಎಂದು ಕೆಲವರಿಗೆ ಅನ್ನಿಸೀತು. ಯಾಯೀರನ ಮಗಳನ್ನು ಸಾವಿನಿಂದ ಎಬ್ಬಿಸಿದ ಮೇಲೆ ಯೇಸುಸ್ವಾಮಿ ಉಪದೇಶ ಮಾಡಲಿಲ್ಲ, ಹುಡುಗಿಗೆ ತಿನ್ನಲು ಏನಾದರೂ ಕೊಡುವಂತೆ ಹೇಳಿದರು. ಪವಾಡದ ಮರುಗಳಿಗೆ ಪ್ರಭುವಿಗೆ ನೆನಪಾದದ್ದು ಊಟ. ಹಾಗಾಗಿ ನಾನೂ ಹೇಳುತ್ತೇನೆ. ಬರಿಯ ಗಂಜಿ ತಿಳಿಯಲ್ಲಿ ಆರು ವಾರ ಕಳೆಯಲಾಗದು. ರಾಗಿ ಅಂಬಲಿ, ಬೇಳೆ ಕಟ್ಟು, ಹಾಲು, ಮೊಸರು ಕಡೆದ ಮಜ್ಜಿಗೆ, ಹಣ್ಣಿನ ರಸ, ಮುಳ್ಳು ತೆಗೆದು ಮಿಕ್ಸಿಯಲ್ಲಿ ಅರೆದು ಸೋಸಿದ ಮೀನಿನ ಸಾರು, ಕೋಳಿ ಬೇಯಿಸಿದ ನೀರು, ಎಲ್ಲವೂ ಆಗುತ್ತದೆ. ಒಮ್ಮೆಗೆ ಹೆಚ್ಚು ಕುಡಿಯಲಾಗದ ಕಾರಣ ಎರಡೆರಡು ಗಂಟೆಗೊಮ್ಮೆ ಕೊಡಬೇಕು. ಕೊಟ್ಟಾದ ಮೇಲೆ ಪ್ರತಿ ಸಲವೂ ಬಾಯಿ ತೊಳೆಯಬೇಕು, ಕೊಳಕು ನಿಂತರೆ ಗಾಯ ಕೀವಾಗುತ್ತದೆ. ತಂತಿ ಬಿಗಿದವರ ತಲೆದೆಸೆಯಲ್ಲಿ ಅದನ್ನು ಕತ್ತರಿಸುವ ಇಕ್ಕಳ ಹಗಲೂ ರಾತ್ರಿಯೂ ಇರಲೇಬೇಕು. ವಾಂತಿ ಬಂದು ಉಸಿರು ಕಟ್ಟುವಂತಾದರೆ ಯಾವ ತಂತಿಯನ್ನು ಕತ್ತರಿಸಬೇಕೆಂದು ಮನೆಯಲ್ಲಿ ಇಬ್ಬರಿಗಾದರೂ ವೈದ್ಯರು ತೋರಿಸಿಕೊಟ್ಟಿರಲಿ. ಅಲ್ಲಿಯ ಆಸ್ಪತ್ರೆಯ ಕಾಗದಪತ್ರ, ಎಕ್ಸ್‌ರೇ, ಸ್ಕ್ಯಾನ್, ಹಾಕಿದ ಪಟ್ಟಿಗಳ ವಿವರ ಒಂದೇ ಚೀಲದಲ್ಲಿರಲಿ. ಅರಬ್ಬಿಯಲ್ಲಿದ್ದರೆ ಅನುವಾದ ಮಾಡಿಸಿಡಿ. ಇಲ್ಲಿಯ ವೈದ್ಯರು ಮುಂದಿನ ಹೆಜ್ಜೆ ಇಡುವುದು ಆ ಕಾಗದಗಳನ್ನು ನೋಡಿಯೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಭಾವಾವೇಶದಿಂದ, "ವಿಶ್ವಾಸವಿದ್ದರೆ ಇವತ್ತೇ ತಂತಿ ಬಿಚ್ಚಿ ಹಾಕು" ಎಂದರೆ ದಯವಿಟ್ಟು ಕೇಳಬೇಡಿ. ಪ್ರಾರ್ಥನೆ ಮಾಡಿಸಿಕೊಳ್ಳಿ, ಕೈಯಿಟ್ಟು ಆಶೀರ್ವದಿಸಲಿ, ತಂತಿ ಮಾತ್ರ ವೈದ್ಯರ ಕೈಗೇ ಇರಲಿ. ವೈದ್ಯನನ್ನು ಗೌರವಿಸಬೇಕು, ಅವನ ಜಾಣ್ಮೆ ದೇವರಿಂದ ಬಂದದ್ದು ಎಂದು ಸಿರಾಖನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯ ಕಲಿಸುತ್ತದೆ. ಪರದೇಶದಲ್ಲಿ ನಿಮ್ಮ ದವಡೆ ಜೋಡಿಸಿದ ವೈದ್ಯರು ನಮ್ಮ ಧರ್ಮದವರಾಗಿರಲಿಕ್ಕಿಲ್ಲ. ರಾತ್ರಿ ಬಾಯಿಯಿಂದ ರಕ್ತ ಒರೆಸಿದ ದಾದಿಯ ಹೆಸರೂ ನಿಮಗೆ ನೆನಪಿರಲಿಕ್ಕಿಲ್ಲ. ಗಾಯಗೊಂಡವನ ಬಳಿ ನಿಂತ ಸಮಾರಿಯದವನೂ ಅನ್ಯನೇ ಆಗಿದ್ದ, ಅವನ ಹೆಸರೂ ನಮಗೆ ತಿಳಿಯದು. ನಿಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಅವರಿಗೊಂದು ಜಾಗವಿರಲಿ.

ಇನ್ನು ಸಂಸ್ಕಾರಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. "ಫಾದರ್, ಬಾಯಿ ತೆರೆಯಲಾಗದವನಿಗೆ ಪರಮಪ್ರಸಾದ ಎಲ್ಲಿಂದ?" ಎಂದು ಒಬ್ಬ ತಾಯಿ ನನ್ನನ್ನು ಕೇಳಿದ್ದರು. ಆಕೆಯ ಮಗ ಕುವೈತಿನಲ್ಲಿದ್ದಾಗ ಅಲ್ಲಿಯ ರಜಾದಿನವಾದ ಶುಕ್ರವಾರ ತಪ್ಪದೆ ಬಲಿಪೂಜೆಗೆ ಹೋಗುತ್ತಿದ್ದ. ಊರಿಗೆ ಬಂದು, ಇಲ್ಲಿ ಮನೆಯಿಂದ ಕೂಗಳತೆಯಲ್ಲಿ ದೇವಾಲಯ ಇದ್ದೂ, ಒಂದು ತಿಂಗಳಿನಿಂದ ಪ್ರಸಾದವಿಲ್ಲ. ತಾಯಿಗೆ ಅದೇ ಕೊರಗು. ಮಗ ತನಗೆ ಅದು ಸಲ್ಲದು ಎಂದೇ ತೀರ್ಮಾನಿಸಿಬಿಟ್ಟಿದ್ದ.

ಸಲ್ಲುತ್ತದೆ, ಪ್ರಿಯರೇ. 1983ರಲ್ಲಿ ಸಂತ ಎರಡನೇ ಜಾನ್ ಪೌಲರು ಹೊರಡಿಸಿದ ಧರ್ಮಸಭೆಯ ಕಾನೂನು ಸಂಹಿತೆಯ 925ನೆಯ ವಿಧಿ ಇದಕ್ಕಾಗಿಯೇ ಬಾಗಿಲು ತೆರೆದಿಟ್ಟಿದೆ. ಪರಮಪ್ರಸಾದವನ್ನು ರೊಟ್ಟಿಯ ರೂಪದಲ್ಲಿ ಕೊಡಬಹುದು, ಎರಡೂ ರೂಪದಲ್ಲಿ ಕೊಡಬಹುದು, ಅಗತ್ಯ ಬಿದ್ದಾಗ ದ್ರಾಕ್ಷಾರಸದ ರೂಪವೊಂದರಲ್ಲೇ ಕೊಡಬಹುದು. ಹಲ್ಲುಗಳ ಹಿಂದಿನ ಸಂದಿಯಲ್ಲಿ ಗಂಜಿ ತಿಳಿ ಇಳಿಯುವುದಾದರೆ ಪ್ರಭುವಿನ ಪವಿತ್ರ ರಕ್ತದ ನಾಲ್ಕು ಹನಿಯೂ ಇಳಿಯುತ್ತದೆ. ಒಂದು ಹನಿಯಲ್ಲೂ ಕ್ರಿಸ್ತರು ಪೂರ್ಣವಾಗಿಯೇ ಇದ್ದಾರೆ ಎಂಬುದು ನಮ್ಮ ವಿಶ್ವಾಸ. ಅರ್ಧ ಪ್ರಸಾದ, ಕಾಲು ಪ್ರಸಾದ ಎಂಬುದಿಲ್ಲ. ದೇವಾಲಯಕ್ಕೆ ಬರಲಾಗದಿದ್ದರೆ ಗುರುಗಳು ಬಲಿಪೂಜೆಯ ನಂತರ ಮುಚ್ಚಳ ಭದ್ರವಾಗಿರುವ ಪಾತ್ರೆಯಲ್ಲಿ ಮನೆಗೇ ತರಬಹುದು, ಅಥವಾ ನಿಮ್ಮ ಮನೆಯಲ್ಲೇ ಪೂಜೆ ಅರ್ಪಿಸಬಹುದು. ಬಾಯಿ ಸ್ವಲ್ಪ ತೆರೆಯುವಂತಾದ ಮೇಲೆ ಪ್ರಸಾದದ ಸಣ್ಣ ಚೂರನ್ನು ಒಂದು ಗುಟುಕು ನೀರಿನೊಂದಿಗೆ ಸ್ವೀಕರಿಸಬಹುದು.

"ಎರಡು ಗಂಟೆಗೊಮ್ಮೆ ಕುಡಿಯುತ್ತಲೇ ಇರುತ್ತೇನೆ, ಒಂದು ಗಂಟೆಯ ಉಪವಾಸ ಹೇಗೆ?" ಎಂದು ಸಂಕೋಚಪಡಬೇಡಿ. ರೋಗಿಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ, ಅವರ ಆರೈಕೆ ಮಾಡುವವರಿಗೂ ಇದೆ. 919ನೆಯ ವಿಧಿ ಎರಡನ್ನೂ ಹೇಳುತ್ತದೆ. ಗಂಜಿಯ ರುಚಿ ನೋಡಿ ಬಂದ ತಾಯಿಗೂ ಸೇರಿಸಿಯೇ ಧರ್ಮಸಭೆ ಯೋಚಿಸಿದೆ. ತಪಸ್ಸುಕಾಲದ ಉಪವಾಸವಂತೂ ನಿಮಗೆ ಸಂಬಂಧಿಸಿದ್ದೇ ಅಲ್ಲ. ತೂಕ ಇಳಿಯುತ್ತಿರುವವನು ಉಪವಾಸದ ಹಟ ಹಿಡಿದರೆ ಅದು ಭಕ್ತಿಯಾಗದು. ಪಾಪನಿವೇದನೆ ಮಾಡಬೇಕೆನಿಸಿದರೆ ಬರೆದು ತೋರಿಸಿ, ಗುರುಗಳು ಓದಿದ ಮೇಲೆ ಆ ಕಾಗದವನ್ನು ನೀವೇ ಹಿಂದಕ್ಕೆ ಪಡೆದು ಸುಟ್ಟುಬಿಡಿ. ಸನ್ನೆಯಿಂದಲೂ ಆಗುತ್ತದೆ. ಇನ್ನೂ ಪರದೇಶದ ಆಸ್ಪತ್ರೆಯಲ್ಲೇ ಇರುವವರಿಗೆ ನಮ್ಮ ಭಾಷೆ ಬಲ್ಲ ಗುರುಗಳು ಸಿಗದಿದ್ದರೆ ದುಭಾಷಿಯ ಮೂಲಕವೂ ನಿವೇದಿಸಬಹುದು, ಕೇಳಿದ ಗುಟ್ಟನ್ನು ಕಾಯುವ ಹೊಣೆ ಆ ದುಭಾಷಿಗೂ ಇದೆ. ಗಂಭೀರವಾದ ಕಾಯಿಲೆಯಿಂದಾಗಿ ಎರಡನೆಯ ಶಸ್ತ್ರಚಿಕಿತ್ಸೆಗೆ ಹೋಗುವುದಿದ್ದರೆ ಅದಕ್ಕೆ ಮುಂಚೆ ರೋಗಿಗಳ ತೈಲಾಭ್ಯಂಗ ಸಂಸ್ಕಾರ ಕೇಳಿ. ಅದು ಸಾಯುವವರಿಗೆ ಮಾತ್ರ ಎಂಬ ಹಳೆಯ ಹೆದರಿಕೆ ನಮ್ಮ ಹಿರಿಯರಲ್ಲಿ ಇನ್ನೂ ಉಳಿದಿದೆ.

ನಮ್ಮ ನಾಡಿನಲ್ಲಿ ಕಷ್ಟ ಬಂದಾಗ ಹರಕೆ ಹೊರುವುದು ಸಂತ ಅಂತೋಣಿಯವರಿಗೆ. ದೋರ್ನಹಳ್ಳಿಗೆ ನಡೆದು ಬರುತ್ತೇನೆ ಎಂದು ನೀವೂ ಹೊತ್ತಿರಬಹುದು. (ಹರಕೆ ತೀರಿಸಲು ಅವಸರ ಬೇಡ, ಮೂಳೆ ಕೂಡಿ ಮೈಗೆ ಶಕ್ತಿ ಬರಲಿ. ಸಂತರಿಗೆ ತಾಳ್ಮೆ ಇದೆ.) ಆದರೆ ಈ ಸಂತರ ಬದುಕಿನ ಒಂದು ಭಾಗ ನಮ್ಮ ಭಕ್ತರಿಗೆ ಅಷ್ಟಾಗಿ ಗೊತ್ತಿಲ್ಲ. ಅವರು ಪಾದುವ ಊರಿನವರಲ್ಲ. ಹುಟ್ಟಿದ್ದು ಪೋರ್ಚುಗಲಿನ ಲಿಸ್ಬನ್ನಿನಲ್ಲಿ. ಫ್ರಾನ್ಸಿಸ್ಕನ್ ಸಭೆ ಸೇರಿ, ಶುಭಸಂದೇಶಕ್ಕಾಗಿ ಪ್ರಾಣ ಕೊಡುವ ದೊಡ್ಡ ಆಸೆ ಹೊತ್ತು ಸಮುದ್ರ ದಾಟಿ ಮೊರಾಕ್ಕೊ ದೇಶಕ್ಕೆ ಹೋದರು. ಅಲ್ಲಿ ಆದದ್ದೇನು? ಉಪದೇಶವೂ ಇಲ್ಲ, ಹುತಾತ್ಮ ಪದವಿಯೂ ಇಲ್ಲ. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ನರಳಿ, ಕೈಲಾಗದೆ ಹಿಂತಿರುಗುವ ಹಡಗು ಹತ್ತಿದರು. ಆ ಹಡಗೂ ಊರು ಸೇರಲಿಲ್ಲ, ಬಿರುಗಾಳಿಗೆ ಸಿಕ್ಕಿ ಸಿಸಿಲಿ ದ್ವೀಪ ತಲುಪಿತು. 1221ರಲ್ಲಿ ಇಟಲಿಯಲ್ಲಿ ಅವರು ಯಾರಿಗೂ ಬೇಡವಾದ ಒಬ್ಬ ರೋಗಿಷ್ಠ ಪರದೇಶಿ. ಮೊಂತೆಪಾವೊಲೋ ಎಂಬ ಏಕಾಂತ ಆಶ್ರಮದಲ್ಲಿ ಸುಮಾರು ಒಂದು ವರ್ಷ ಬಾಯಿ ಮುಚ್ಚಿ ಕಳೆದರು. ಅವರಲ್ಲಿ ಅಂಥ ಮಾತು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. 1222ರಲ್ಲಿ ಫೋರ್ಲಿ ಪಟ್ಟಣದ ಗುರುದೀಕ್ಷೆಯೊಂದರಲ್ಲಿ ಸಿದ್ಧವಾಗಿ ಬಂದ ಬೋಧಕರು ಯಾರೂ ಇಲ್ಲದೆ ಇವರನ್ನೇ ಎಬ್ಬಿಸಿ ನಿಲ್ಲಿಸಿದರು. ಆಮೇಲಿನದು ಲೋಕಕ್ಕೆಲ್ಲ ಗೊತ್ತು.

1231ರ ಜೂನ್ 13ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. 1263ರಲ್ಲಿ ಸಮಾಧಿ ತೆರೆದಾಗ ಶರೀರ ಮಣ್ಣಾಗಿತ್ತು, ನಾಲಿಗೆ ಮಾತ್ರ ಕೊಳೆಯದೆ ಉಳಿದಿತ್ತು ಎಂದು ಧರ್ಮಸಭೆಯ ಪರಂಪರೆ ಹೇಳುತ್ತದೆ. ಸಂತ ಬೊನವೆಂಚೂರರು ಅದನ್ನು ಕಣ್ಣಾರೆ ಕಂಡವರು. ಪಾದುವದ ಮಹಾದೇವಾಲಯಕ್ಕೆ ಹೋದವರು ಇಂದಿಗೂ ಆ ನಾಲಿಗೆಯನ್ನು ನೋಡಬಹುದು. ಅದರ ಜೊತೆಗೇ, ಬೇರೊಂದು ಬೆಳ್ಳಿಬಂಗಾರದ ಕರಂಡಕದಲ್ಲಿ, ಅವರ ದವಡೆಯ ಮೂಳೆಯೂ ಇದೆ. ಯಾತ್ರಿಕರು ಅದರ ಮುಂದೆ ಮೊಣಕಾಲೂರುತ್ತಾರೆ. ಪರದೇಶಕ್ಕೆ ಹೋಗಿ ಕಾಯಿಲೆ ಬಿದ್ದು, ಅಂದುಕೊಂಡದ್ದು ಯಾವುದೂ ಕೈಗೂಡದೆ ಮರಳಿದವನೊಬ್ಬನ ದವಡೆ ಅದು. ಮುಂದಿನ ಸಲ ಸಂತ ಅಂತೋಣಿಯವರ ಮುಂದೆ ಮೊಂಬತ್ತಿ ಹಚ್ಚುವಾಗ ಕಳೆದುಹೋದ ವಸ್ತುವಿನ ಜೊತೆಗೆ ಇದನ್ನೂ ನೆನಪಿಸಿಕೊಳ್ಳಿ.

ಈಗ ಕಷ್ಟದ ಮಾತಿಗೆ ಬರೋಣ. ಬ್ಯಾಂಕಿನ ಕಂತು ನಿಂತಿದೆ. ಕಂಪನಿಯವರು ಎಷ್ಟು ದಿನ ಕಾಯುತ್ತಾರೋ ತಿಳಿಯದು. ತಂತಿ ಬಿಚ್ಚಿದ ಮರುವಾರವೇ ಟಿಕೆಟ್ ತೆಗೆಸಿ ಎಂದು ನೀವು ಬರೆದು ತೋರಿಸುತ್ತೀರಿ. ಹೆಂಡತಿ ಹೂಂ ಎನ್ನಲೂ ಆರಳು, ಬೇಡ ಎನ್ನಲೂ ಆರಳು. ನಾನು ದುಡ್ಡಿನ ಲೆಕ್ಕ ಬಿಡಿಸಲಾರೆ, ಅದು ಹಗುರವಾದ ಲೆಕ್ಕವೂ ಅಲ್ಲ. ಆದರೆ ತಂತಿ ಬಿಚ್ಚಿದ ದಿನ ದವಡೆ ಮೊದಲಿನಂತಾಗುವುದಿಲ್ಲ. ಆರು ವಾರ ಕದಲದ ಕೀಲು ಬಿಗಿದುಕೊಂಡಿರುತ್ತದೆ. ಬೆರಳೊಂದು ಕೂಡ ತೂರದಷ್ಟು ಬಾಯಿ, ದಿನವೂ ವ್ಯಾಯಾಮ ಮಾಡಿ ಮಾಡಿ, ನಿಮ್ಮದೇ ಮೂರು ಬೆರಳು ಹಲ್ಲುಗಳ ಮಧ್ಯೆ ಹಿಡಿಯುವಷ್ಟು ತೆರೆಯಬೇಕು. ಅದು ವೈದ್ಯರು ನೋಡುವ ಅಂದಾಜು. ಕೂಡಿದ ಮೂಳೆ ಗಟ್ಟಿಯಾಗುವ ಮುನ್ನ ಚಕ್ಕುಲಿ ಕಡಿದರೆ, ಭಾರ ಹೊತ್ತು ಮತ್ತೆ ಪೆಟ್ಟು ತಿಂದರೆ, ಪಟ್ಟಿ ಸಡಿಲಗೊಂಡು ಮೊದಲಿನಿಂದ ಶುರು ಮಾಡಬೇಕಾದೀತು. ಆದ್ದರಿಂದ ಟಿಕೆಟಿನ ದಿನ ನಿಮ್ಮ ಚಿಂತೆ ನಿರ್ಧರಿಸುವುದು ಬೇಡ, ವೈದ್ಯರು ನಿರ್ಧರಿಸಲಿ.

ಆ ದಿನಗಳಲ್ಲಿ ಮನೆಯ ಖರ್ಚನ್ನು ತಮ್ಮನು ನೋಡಿಕೊಳ್ಳುತ್ತೇನೆ ಎಂದರೆ ಬಿಡಿ, ನೋಡಿಕೊಳ್ಳಲಿ. ಧರ್ಮಕೇಂದ್ರದ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಬಂದು ವಿಚಾರಿಸಿದರೆ ಬಾಗಿಲ ಹಿಂದೆ ಅಡಗಬೇಡಿ. ಎಷ್ಟೋ ವರ್ಷ ಆ ಸಭೆಯ ಡಬ್ಬಿಗೆ ಹಾಕಿದವರು ನೀವೇ. ಕೊಟ್ಟು ಕೊಟ್ಟು ರೂಢಿಯಾದ ಕೈಗೆ ತೆಗೆದುಕೊಳ್ಳುವುದು ಕಲಿಯಲು ಬಹಳ ಕಷ್ಟ. ಸಂತ ಪೇತ್ರನೂ ಅದನ್ನು ಕಲಿಯಬೇಕಾಯಿತು. ಕಾಲು ತೊಳೆಯಲು ಪ್ರಭು ಬಂದಾಗ ಅವನು ಹಿಂದೆ ಸರಿದ. ಪುನರುತ್ಥಾನದ ನಂತರ ಗಲಿಲೇಯ ಸರೋವರದ ದಡದಲ್ಲಿ, ಪ್ರಭುವೇ ಕೆಂಡದ ಮೇಲೆ ಮೀನು ಸುಟ್ಟು ರೊಟ್ಟಿಯೊಡನೆ ಬಡಿಸಿದ ಬೆಳಿಗ್ಗೆ, ಅವನಿಗೆ ಎರಡು ಮಾತು ಸಿಕ್ಕಿದವು. ಒಂದು, ನನ್ನ ಕುರಿಗಳನ್ನು ಮೇಯಿಸು ಎಂಬುದು. ಇನ್ನೊಂದು, ಮುದುಕನಾದಾಗ ನಿನ್ನ ನಡು ಕಟ್ಟುವವನು ಬೇರೊಬ್ಬ, ನಿನಗೆ ಇಷ್ಟವಿಲ್ಲದ ಕಡೆಗೆ ನಿನ್ನನ್ನು ಕೊಂಡೊಯ್ಯುವವನೂ ಬೇರೊಬ್ಬ ಎಂಬುದು. ಮೇಯಿಸುವ ಕೆಲಸವೂ ಕೈ ಚಾಚುವ ಗತಿಯೂ ಒಂದೇ ಬೆಳಗಿನಲ್ಲಿ ಒಬ್ಬನಿಗೇ ಬಂದವು. ಅವನ ಊಟ ಆಗಲೇ ಆಗಿತ್ತು, ಬಡಿಸಿದವರ ಕೈಯಲ್ಲಿ ಮೊಳೆಯ ಗಾಯಗಳಿದ್ದವು.

ಕೊನೆಗೆ ಮುಖದ ಮಾತು. ತುಟಿಯ ಜೋಮು ಬಿಡದೆ, ಕುಡಿದದ್ದು ಗಲ್ಲಕ್ಕೆ ಇಳಿದರೂ ತಿಳಿಯುವುದಿಲ್ಲ. ಮಾತಿನಲ್ಲಿ ಪ, ಬ, ಮ ತೊಡರುತ್ತವೆ. ಅದಕ್ಕಾಗಿ ಮದುವೆ ಮನೆ ಬಿಟ್ಟಿರಿ, ಸಂಘದ ಸಭೆ ಬಿಟ್ಟಿರಿ. ಪೂಜೆಯನ್ನು ಮಾತ್ರ ಬಿಡಬೇಡಿ. 2005ರ ಮಾರ್ಚ್ 27, ಈಸ್ಟರ್ ಭಾನುವಾರ. ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿದ್ದ ಜಗದ್ಗುರು ಎರಡನೇ ಜಾನ್ ಪೌಲರು ಸಂತ ಪೇತ್ರರ ಚೌಕದತ್ತ ತೆರೆದ ಕಿಟಕಿಗೆ ಬಂದರು. ಎಷ್ಟು ಪ್ರಯತ್ನಿಸಿದರೂ ಮಾತು ಹೊರಡಲಿಲ್ಲ. ಲೋಕವೆಲ್ಲ ಟೀವಿಯಲ್ಲಿ ನೋಡುತ್ತಿತ್ತು. ಅವರು ಮುಖ ಮರೆಸಿಕೊಳ್ಳದೆ ಕೈಯೆತ್ತಿ ಶಿಲುಬೆ ಗುರುತು ಮಾಡಿ ಆಶೀರ್ವದಿಸಿದರು. ಕೆಳಗೆ ಚೌಕದಲ್ಲಿ ಸೇರಿದ್ದವರಲ್ಲಿ ಎಷ್ಟೋ ಜನ ಅತ್ತರು. ಅವರು ಏಕೆ ಹೊರಗೆ ಬಂದರು ಎಂದು ಆಗ ಕೆಲವರು ಆಕ್ಷೇಪಿಸಿದ್ದೂ ಉಂಟು. ನನಗಂತೂ ಅವರ ಎಷ್ಟೋ ಪ್ರವಚನಗಳಿಗಿಂತ ಆ ಮೌನ ಮನಸ್ಸಿನಲ್ಲಿ ನಿಂತಿದೆ.

ಮನೆಯವರಿಗೊಂದು ಬೇಡಿಕೆ. ಅವನ ಊಟವನ್ನು ಒಳಕೋಣೆಗೆ ಒಯ್ಯಬೇಡಿ. ನೀವು ಅನ್ನ ಸಾರು ಉಣ್ಣುವ ಹೊತ್ತಿಗೆ ಅವನ ಲೋಟವನ್ನೂ ಅದೇ ಮೇಜಿನ ಮೇಲಿಡಿ, ಊಟದ ಪ್ರಾರ್ಥನೆಗೆ ಅವನೇ ಶಿಲುಬೆ ಗುರುತು ಹಾಕಿ ಆರಂಭಿಸಲಿ. ಮಗುವಿಗೆ ಹೆದರಿಕೆಯಾದರೆ ಅಪ್ಪನ ಟವೆಲು ಮಡಿಸುವ ಕೆಲಸ ಕೊಡಿ, ಎರಡೇ ದಿನಕ್ಕೆ ಹೆದರಿಕೆ ಹೋಗುತ್ತದೆ.

ನಿಮಗೂ ಒಂದು ಬೇಡಿಕೆ. ಬರುವ ಭಾನುವಾರ ಪೂಜೆ ಆರಂಭವಾಗುವ ಮೊದಲೇ ತಾಯಿಯನ್ನೋ ತಮ್ಮನನ್ನೋ ಗುರುಗಳ ಬಳಿ ಕಳುಹಿಸಿ, ಇಂಥವರು ಬಂದಿದ್ದಾರೆ, ಪಾನಪಾತ್ರೆಯಿಂದ ಕೊಡಬೇಕು ಎಂದು ಹೇಳಿಸಿ. ಒಂದು ಸಣ್ಣ ಚಮಚವನ್ನು ಅವರು ಅಣಿಮಾಡಿಟ್ಟಿರುತ್ತಾರೆ. ಸಾಲಿನಲ್ಲಿ 'ಆಮೆನ್' ಎನ್ನಲಾಗದಿದ್ದರೆ ತಲೆಬಾಗಿ ಸಾಕು. ಒರೆಸಿಕೊಳ್ಳಲು ಕರವಸ್ತ್ರವೊಂದು ಜೇಬಿನಲ್ಲಿರಲಿ.